ಹಾಡದ ಬಟ್ಟಲು

ಲ್ಯಾಬಿನ ಹುಡುಗ ಪ್ರಿಂಟರಿನಿಂದ ಹಾಳೆ ಎಳೆದು, ಒಮ್ಮೆ ಕಣ್ಣಾಡಿಸಿ, ಮರಾಠಿಯಲ್ಲಿ ಕೇಳಿದ: "ಬುಶ್ ಮಾಡ್ತೀರಾ ಕಾಕಾ?"

"ಇಲ್ಲಪ್ಪ, ಬಟ್ಟಲು."

"ಎಂಥ ಬಟ್ಟಲು?"

"ಊಟದ್ದು."

ಅವನು ಮತ್ತೇನೂ ಅನ್ನಲಿಲ್ಲ. ಹಾಳೆಯನ್ನು ನನ್ನ ಕಡೆ ತಿರುಗಿಸಿ ಒಂದು ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದ. ತಾಮ್ರ 84.1, ತವರ 5.2, ಸತು 4.6, ಸೀಸ 5.4. ಉಳಿದದ್ದು ನಿಕಲ್ಲು, ಕಬ್ಬಿಣದ ಚೂರುಪಾರು. ಗೆರೆ ಬಿದ್ದದ್ದು ಸೀಸದ ಕೆಳಗೆ.

ಪುಣೆಯ ಭೋಸರಿಯಲ್ಲಿರುವ ಆ ಲ್ಯಾಬಿನಿಂದ ನಿಗಡಿಯ ನಮ್ಮ ಮನೆಗೆ ಸ್ಕೂಟರಿನಲ್ಲಿ ಅರ್ಧ ಗಂಟೆಯ ದಾರಿ. ಅವತ್ತು ನಾನು ಮನೆ ಮುಟ್ಟಿದ್ದು ಎರಡು ಗಂಟೆಯ ಮೇಲೆ. ಅದೇ ಲೋಹದಲ್ಲಿ ನಾನು ಎರಕ ಹೊಯ್ದ ಒಂದು ಬಟ್ಟಲು ಎಂಟು ತಿಂಗಳಿಂದ ಹೈದರಾಬಾದಿನಲ್ಲಿತ್ತು. ನನ್ನ ತಂಗಿಯ ಮಗಳು ದಿನಾ ಅದರಲ್ಲೇ ಉಣ್ಣುತ್ತಿದ್ದಳು.

ನಾನು ಲೋಹದ ಕೆಲಸದವನಲ್ಲ. ಬ್ಯಾಂಕಿನಲ್ಲಿ ಸಾಲದ ಕಡತ ನೋಡುವವನು. ಸಾಗರದ ಕಡೆಯ ಹಳ್ಳಿಯಿಂದ ಹೊರಟು, ನಾಲ್ಕು ಊರು ಸುತ್ತಿ, ಪುಣೆಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಇಲ್ಲಿ ಕಸಬಾ ಪೇಟೆಯಲ್ಲಿ ತಾಂಬಟ್ ಆಳಿ ಅಂತ ಒಂದು ಗಲ್ಲಿ ಇದೆ. ತಾಮ್ರ ಬಡಿಯುವವರ ಬೀದಿ. ಮೊದಲ ಸಲ ಅಲ್ಲಿಗೆ ಹೋದಾಗ, ಹಂಡೆಯ ಮೈಮೇಲೆ ಒಂದೊಂದೇ ಸುತ್ತಿಗೆ ಪೆಟ್ಟು ಸಾಲಾಗಿ ಬೀಳುವುದನ್ನು ನೋಡುತ್ತ ಮಧ್ಯಾಹ್ನದ ಊಟ ಮರೆತಿದ್ದೆ. ಬಡಿಯುವ ವಿದ್ಯೆ ನನಗೆ ಈ ವಯಸ್ಸಿನಲ್ಲಿ ಹತ್ತುವುದಿಲ್ಲ ಅಂತ ಗೊತ್ತಿತ್ತು. ಎರಕವಾದರೂ ಹೊಯ್ಯೋಣ ಅನ್ನಿಸಿತು. ಹಿತ್ತಲಿನಲ್ಲಿ ಬೆಂಕಿ ಇಟ್ಟಿಗೆಯ ಸಣ್ಣ ಕುಲುಮೆ, ಇದ್ದಿಲು, ತಿದಿಯ ಬದಲು ಒಂದು ಹಳೆಯ ಬ್ಲೋವರ್, ಗ್ರಾಫೈಟಿನ ಮೂಸೆ, ಮರಳಿನ ಅಚ್ಚು. ಭಾನುವಾರ ಬೆಳಿಗ್ಗೆ ಕೂತರೆ ಸಂಜೆಯ ತನಕ ಬ್ಯಾಂಕಿನ ನೆನಪೇ ಬರುತ್ತಿರಲಿಲ್ಲ.

ಹೊಸ ಲೋಹ ಕೊಂಡು ಕರಗಿಸುವುದು ಈ ಹವ್ಯಾಸದವರಿಗೆ ಗಿಟ್ಟುವುದಿಲ್ಲ. ಎಲ್ಲರೂ ಗುಜರಿಗೆ ಹೋಗುತ್ತಾರೆ. ಪಿಂಪ್ರಿ ಚಿಂಚವಾಡದ ಸುತ್ತ ಕಾರ್ಖಾನೆಗಳು ಎಷ್ಟಿವೆಯೋ ಗುಜರಿ ಗೋದಾಮುಗಳೂ ಅಷ್ಟೇ ಇವೆ. ಅಂಥದೊಂದರಲ್ಲಿ ನನಗೆ ಐದಾರು ದಪ್ಪ ಬುಶ್‌ಗಳು ಸಿಕ್ಕವು. ತಿರುಗುವ ಶಾಫ್ಟು ಕೂರುವ ಉಂಗುರಗಳು, ಒಳಮೈ ಸವೆದು ನುಣುಪಾಗಿದ್ದವು. "ಗನ್‌ಮೆಟಲ್ ಸಾಹೇಬ್, ಒಳ್ಳೆ ಮಾಲು" ಅಂದ ಗುಜರಿಯವನು. ಅವನು ಸುಳ್ಳು ಹೇಳಿರಲಿಲ್ಲ. ಗುಜರಿಯಲ್ಲಿ ಆ ಬಣ್ಣದ, ಆ ಆಕಾರದ ಎಲ್ಲದಕ್ಕೂ ಗನ್‌ಮೆಟಲ್ ಅಂತಲೇ ಹೆಸರು.

ತಪ್ಪು ಶುರುವಾದದ್ದು ಅಲ್ಲಿ. ನಾವು ಕಂಚು ಅಂದಾಗ ಒಂದು ಲೋಹ ಅಂದುಕೊಳ್ಳುತ್ತೇವೆ. ಅದು ಒಂದು ಮನೆತನದ ಹೆಸರು. ತಾಮ್ರಕ್ಕೆ ತವರ ಸೇರಿದರೆ ಕಂಚು, ಸತು ಸೇರಿದರೆ ಹಿತ್ತಾಳೆ ಎಂಬುದು ಶಾಲೆಯ ಪಾಠ. ಗುಜರಿಯ ರಾಶಿಯಲ್ಲಿ ಈ ಪಾಠ ಬಹಳ ದೂರ ನಡೆಯುವುದಿಲ್ಲ. ಹಳೆಯ ಕಾಲದ ಗನ್‌ಮೆಟಲ್ ಅಂದರೆ ನೂರರಲ್ಲಿ 88 ಪಾಲು ತಾಮ್ರ, 10 ತವರ, 2 ಸತು. ವಾಲ್ವು, ಪಂಪಿನ ಮೈ, ನಲ್ಲಿಯ ಭಾಗಗಳಿಗೆ ಬಳಸುವ ಇನ್ನೊಂದು ಗನ್‌ಮೆಟಲ್ಲಿನಲ್ಲಿ 85 ತಾಮ್ರ, ತವರ ಸತು ಸೀಸ ಮೂರೂ ಐದೈದು. ಬೇರಿಂಗಿನ ಕಂಚೊಂದರಲ್ಲಿ ಸೀಸ 7. ಹಡಗಿನ ಪ್ರೊಪೆಲ್ಲರಿನ ಕಂಚಿನಲ್ಲಿ ತವರವೇ ಇಲ್ಲ, ಅಲ್ಯೂಮಿನಿಯಂ ಇರುತ್ತದೆ. ಮ್ಯಾಂಗನೀಸ್ ಕಂಚು ಅಂತ ಕರೆಯುವುದು ನಿಜಕ್ಕೂ ಒಂದು ಬಗೆಯ ಹಿತ್ತಾಳೆ. ಕಿಡಿ ಹಾರದ ಸ್ಪ್ಯಾನರು, ಕೆಲವು ಸ್ಪ್ರಿಂಗುಗಳಲ್ಲಿ ಬೆರಿಲಿಯಂ ಇರುತ್ತದೆ. ಅದರ ಧೂಳು, ಹೊಗೆ ಶ್ವಾಸಕೋಶವನ್ನೇ ತಿನ್ನುವಂಥದ್ದು, ಅದನ್ನು ಅರದಿಂದ ಉಜ್ಜಲೂಬಾರದು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತಾರಲ್ಲ, ಕೆಂಪಗಿರುವುದೆಲ್ಲ ಕಂಚೂ ಅಲ್ಲ.

ಹಾಗಂತ ನಾನು ಪರೀಕ್ಷೆ ಮಾಡದೆ ಕರಗಿಸಿದವನಲ್ಲ. ಸಾಲ ಕೊಡುವ ಬ್ಯಾಂಕಿನವನ ಬುದ್ಧಿ, ಎಲ್ಲದಕ್ಕೂ ದಾಖಲೆ ಬೇಕು. ಒಂದು ನೋಟುಬುಕ್ಕಿನಲ್ಲಿ ನಾಲ್ಕು ಪರೀಕ್ಷೆ ಬರೆದಿಟ್ಟಿದ್ದೆ.

ಮೊದಲನೆಯದು ಅಯಸ್ಕಾಂತ. ಅಲ್ಯೂಮಿನಿಯಂ ಕಂಚಿಗೆ ಕಬ್ಬಿಣ, ನಿಕಲ್ಲು ಸೇರಿಸಿರುವುದರಿಂದ ಬಲವಾದ ಅಯಸ್ಕಾಂತ ಅದನ್ನು ಸ್ವಲ್ಪ ಎಳೆಯಬಹುದು. ನನ್ನ ಬುಶ್ ಅಲುಗಲಿಲ್ಲ.

ಎರಡನೆಯದು ಬಣ್ಣ. ಮೇಲಿನ ಮಸಿ ನೋಡಿ ಏನೂ ಹೇಳಲಾಗದು. ಅರದಿಂದ ಒಂದು ಮೂಲೆ ಉಜ್ಜಿ ಹೊಸ ಮೈ ತೆಗೆದು, ಬಿಸಿಲಿಗೆ ಹಿಡಿದು ನೋಡಬೇಕು. ಪಕ್ಕದಲ್ಲಿ ಒಂದು ತಾಮ್ರದ ತಂತಿ, ಒಂದು ಹಿತ್ತಾಳೆ ಸ್ಕ್ರೂ ಇಟ್ಟುಕೊಂಡರೆ ಒಳ್ಳೆಯದು. ಸತು ಹೆಚ್ಚಿದಷ್ಟೂ ಹಳದಿ. ತವರ ಹತ್ತರ ಆಸುಪಾಸು ಇದ್ದರೆ ಗುಲಾಬಿ ಬೆರೆತ ಹೊಂಬಣ್ಣ. ತವರ ಇಪ್ಪತ್ತು ದಾಟಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ನನ್ನದು ಗುಲಾಬಿ ಹೊನ್ನು.

ಮೂರನೆಯದು ತೂಕ. ಆರ್ಕಿಮಿಡೀಸ್ ಸ್ನಾನದ ತೊಟ್ಟಿಯಿಂದ ಎದ್ದು ಓಡಿದ ಕಥೆಯದ್ದೇ ವಿದ್ಯೆ. ಗಾಳಿಯಲ್ಲಿ ತೂಗಿ, ದಾರ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ತೂಗಿ, ಎಷ್ಟು ಕಡಿಮೆಯಾಯಿತೋ ಅದರಿಂದ ಭಾಗಿಸಿದರೆ ಸಾಂದ್ರತೆ. ಬುಶ್ 612 ಗ್ರಾಂ ಇತ್ತು, ನೀರಿನಲ್ಲಿ 70 ಗ್ರಾಂ ಕಡಿಮೆ ತೂಗಿತು. 8.74. ಪುಸ್ತಕದಲ್ಲಿ 88-10-2 ಗನ್‌ಮೆಟಲ್ಲಿಗೆ 8.72 ಅಂತ ಇದೆ. ನಾನು ಅಡುಗೆಮನೆಯಿಂದಲೇ ಕೂಗಿ ಮನೆಯವರಿಗೆಲ್ಲ ಹೇಳಿದೆ. ಬಟ್ಟೆ ಮೈಮೇಲಿತ್ತು ಅನ್ನುವುದೊಂದೇ ವ್ಯತ್ಯಾಸ.

ನಾಲ್ಕನೆಯದು ಬೆಂಕಿ. ಸತು 907 ಡಿಗ್ರಿಗೇ ಕುದಿಯುತ್ತದೆ, ಕಂಚು ಹೊಯ್ಯುವ ಹದ ಅದಕ್ಕಿಂತ ಮೇಲೆ. ಹಾಗಾಗಿ ಸತು ಹೆಚ್ಚಿರುವ ಲೋಹ ಮೂಸೆಯಲ್ಲಿ ಹಸಿರು ಜ್ವಾಲೆ ಕಾರುತ್ತ, ಬೂರುಗದ ಹತ್ತಿಯ ಹಾಗೆ ಬಿಳಿ ಎಳೆ ಹಾರಿಸುತ್ತದೆ. ಆ ಹೊಗೆ ಕುಡಿದವರಿಗೆ ಸಂಜೆ ಚಳಿಜ್ವರ. ನನ್ನ ಮೂಸೆ ಸ್ವಲ್ಪವೇ ಹೊಗೆಯಾಡಿ ಸುಮ್ಮನಾಯಿತು.

ನಾಲ್ಕೂ ಪರೀಕ್ಷೆ ಪಾಸು. ನೋಟುಬುಕ್ಕಿನಲ್ಲಿ "ಗನ್‌ಮೆಟಲ್, 88-10-2" ಅಂತ ಬರೆದು ಕೆಳಗೆ ಸಹಿಯನ್ನೂ ಹಾಕಿದ್ದೆ.

ತಂಗಿಯ ಮಗಳು ಪುಟ್ಟಿಗೆ ಆರು ತಿಂಗಳು ತುಂಬಿ ಅನ್ನಪ್ರಾಶನದ ದಿನ ಗೊತ್ತಾಯಿತು. ಸೋದರಮಾವನಾಗಿ ಬೆಳ್ಳಿ ಬಟ್ಟಲು ಕೊಡುವುದು ರೂಢಿ. ನಾನು ನನ್ನ ಕೈಯಾರೆ ಮಾಡಿದ್ದೇ ಕೊಡುತ್ತೇನೆ ಅಂತ ಹಟ ಹಿಡಿದೆ. ಮೂರು ಎರಕ ಕೆಟ್ಟವು. ನಾಲ್ಕನೆಯದು ಒಂದು ತೂತೂ ಇಲ್ಲದೆ ಎದ್ದು ಬಂತು. ನೂರನಲವತ್ತು ಗ್ರಾಮಿನ ಪುಟ್ಟ ಬಟ್ಟಲು, ಅಂಚಿಗೆ ಒಂದು ಸುತ್ತು ಮಣಿಗೆರೆ. ನಾಲ್ಕು ದಿನ ಉಜ್ಜಿ ಹೊಳಪು ಕೊಟ್ಟೆ.

ಅಮ್ಮ ನಮ್ಮ ಜೊತೆಗೇ ಇರುತ್ತಾಳೆ. ಬಟ್ಟಲನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಎಡಗೈಯ ಐದು ಬೆರಳ ತುದಿಯ ಮೇಲೆ ನಿಲ್ಲಿಸಿಕೊಂಡು, ಬಲಗೈಯ ಉಗುರಿನಿಂದ ಅಂಚಿಗೆ ಒಂದು ತಟ್ಟು ತಟ್ಟಿ ಕಿವಿಗೆ ಹಿಡಿದಳು.

"ಇದು ಹಾಡೂದಿಲ್ಲವಲ್ಲೋ."

"ದಪ್ಪ ಇದೆ ಅಮ್ಮ. ಎರಕ ಹೊಯ್ದದ್ದು ಹಾಗೇ."

"ನಮ್ಮನೆ ಬಟ್ಟಲು ಹಾಗಿರಲಿಲ್ಲ. ಕಂಚಿನ ಕಂಠ ಅಂತ ಸುಮ್ಮನೆ ಅಂತಾರಾ?"

ನಾನು ಅವಳಿಗೆ ಸಾಂದ್ರತೆಯ ಲೆಕ್ಕ ಹೇಳಿದೆ. ಅವಳು ಬಟ್ಟಲು ವಾಪಸು ಕೊಟ್ಟು, "ಚೆಂದ ಇದೆ ಮಗಾ" ಅಂದಳು.

ಲ್ಯಾಬಿಗೆ ಹೋದದ್ದು ಎಂಟು ತಿಂಗಳ ಮೇಲೆ, ಅದೂ ದುಡ್ಡಿನ ದೆಸೆಯಿಂದ. ಸಹೋದ್ಯೋಗಿಯೊಬ್ಬರು ಮಗಳ ಮದುವೆಗೆ ಅಂಥವೇ ಆರು ಬಟ್ಟಲು ಮಾಡಿಕೊಡಿ, ಕೊಟ್ಟಷ್ಟು ತಗೊಳ್ಳಿ ಅಂದರು. ದುಡ್ಡು ಮುಟ್ಟುವುದಾದರೆ ರುಜುವಾತು ಇರಲಿ ಅನ್ನಿಸಿತು. ಮನೆಯವರಿಗೆ ಬೇಡವಾದ ರುಜುವಾತು ಪರರಿಗೆ ಯಾಕೆ ಬೇಕಾಯಿತು ಎಂದು ಅವತ್ತು ನನಗೆ ಹೊಳೆಯಲಿಲ್ಲ. ಉಳಿದಿದ್ದ ಗಟ್ಟಿಯೊಂದನ್ನು ಒಯ್ದೆ. ಅವರು ಅದರ ಮೈಯನ್ನು ಸಮ ಮಾಡಿ, ಯಂತ್ರದ ಮೇಲಿಟ್ಟು, ಕಿಡಿ ಹಾರಿಸಿದರು. ಆ ಕಿಡಿಯ ಬೆಳಕನ್ನು ಬಿಡಿಸಿ ಯಾವ ಧಾತು ಎಷ್ಟಿದೆ ಅಂತ ಯಂತ್ರ ಹೇಳುತ್ತದೆ. ಹೆಸರುಕಾಳಿನಷ್ಟು ಸುಟ್ಟ ಕಲೆ, ಒಂದು ನಿಮಿಷದ ಕೆಲಸ. ಖರ್ಚು ನಾನು ಆ ಬಟ್ಟಲಿಗೆ ಸುಟ್ಟ ಇದ್ದಿಲಿಗಿಂತ ಕಡಿಮೆ.

ಲ್ಯಾಬಿನ ಹೊರಗಿನ ಚಹಾದ ಗಾಡಿಯ ಬಳಿ ಕೂತು ಲೆಕ್ಕ ಹಾಕಿದೆ. ನೂರನಲವತ್ತು ಗ್ರಾಮಿನಲ್ಲಿ 5.4 ಪಾಲು ಅಂದರೆ ಏಳೂವರೆ ಗ್ರಾಂ ಸೀಸ. ಆಮೇಲೆ ನನ್ನ ಪರೀಕ್ಷೆಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ಸೀಸಕ್ಕೆ ಅಯಸ್ಕಾಂತ ಇಲ್ಲ. ಐದು ಪಾಲು ಸೀಸ ಬಣ್ಣವನ್ನು ಬದಲಿಸುವುದಿಲ್ಲ. ಮೂಸೆಯಲ್ಲಿ ಅದು ಸತುವಿನ ಹಾಗೆ ಹಸಿರು ಉರಿದು ಗಲಾಟೆ ಮಾಡುವುದಿಲ್ಲ, ಸದ್ದಿಲ್ಲದೆ ಹೊಗೆಯಾಗುತ್ತದೆ. ಇನ್ನು ತೂಕ. ಸೀಸ ತಾಮ್ರಕ್ಕಿಂತ ಭಾರ, ತವರ ಸತು ಹಗುರ. ಒಂದು ಮೇಲೆ ಎಳೆದರೆ ಇನ್ನೊಂದು ಕೆಳಗೆ ಎಳೆಯುತ್ತದೆ. 85-5-5-5ರ ಸಾಂದ್ರತೆ 8.83. ನನ್ನ ಅಡುಗೆಮನೆಯ ತಕ್ಕಡಿ ಒಂದು ಗ್ರಾಂ ಆಚೀಚೆ ತೋರಿಸುವಂಥದ್ದು. 70ರ ಬದಲು 69 ಅಂತ ಬಂದಿದ್ದರೆ ಉತ್ತರ 8.87, 71 ಅಂತ ಬಂದಿದ್ದರೆ 8.62. ಅಂದರೆ ನನ್ನ 8.74 ಎಂಬುದು ಎರಡು ಗನ್‌ಮೆಟಲ್ಲುಗಳನ್ನೂ ಒಳಗೆ ಬಿಟ್ಟುಕೊಳ್ಳುವಷ್ಟು ಅಗಲದ ಬಾಗಿಲು. ಅಲ್ಯೂಮಿನಿಯಂ ಕಂಚನ್ನು, ಹಳದಿ ಹಿತ್ತಾಳೆಯನ್ನು ಹೊರಗಿಡಲು ಆ ಪರೀಕ್ಷೆ ಸಾಕು. ಸೀಸವನ್ನು ಹಿಡಿಯಲು ಅದು ಯಾವತ್ತೂ ಸಾಕಾಗುವುದಿಲ್ಲ. ಎರಡು ಸ್ಥಾನದ ದಶಮಾಂಶ ಬರೆದ ಮಾತ್ರಕ್ಕೆ ನಾನು ಅದನ್ನು ನಂಬಿದ್ದೆ.

ಇವೆಲ್ಲಕ್ಕೂ ಮೊದಲು ಕೇಳಬೇಕಿದ್ದ ಪ್ರಶ್ನೆ ಒಂದೇ ಇತ್ತು, ಅದನ್ನು ಆ ಹುಡುಗ ಹಾಳೆ ನೋಡಿದ ತಕ್ಷಣ ಕೇಳಿದ. ಇದು ಮೊದಲು ಏನಾಗಿತ್ತು? ಬುಶ್‌ಗೆ ಸೀಸ ಹಾಕುವುದು ಕಲಬೆರಕೆಯಲ್ಲ, ಬೇಕೆಂದೇ ಹಾಕುತ್ತಾರೆ. ಸೀಸ ಕಂಚಿನಲ್ಲಿ ಒಂದಾಗಿ ಬೆರೆಯುವುದಿಲ್ಲ. ಎರಕ ಗಟ್ಟಿಯಾಗುವಾಗ ಅದು ಸಣ್ಣ ಸಣ್ಣ ಹನಿಗಳಾಗಿ ಅಲ್ಲಲ್ಲಿ ಬೇರೆಯೇ ಕೂರುತ್ತದೆ. ಎಣ್ಣೆ ತಪ್ಪಿದ ಹೊತ್ತಿನಲ್ಲಿ ಆ ಮೆತ್ತನೆಯ ಹನಿಗಳು ಶಾಫ್ಟಿಗೆ ಸವರಿಕೊಂಡು ಯಂತ್ರ ಸುಟ್ಟುಹೋಗದಂತೆ ಕಾಯುತ್ತವೆ. ವಾಲ್ವಿನಲ್ಲಿ ಎರಕದ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿ ನೀರು ಜಿನುಗದಂತೆ ನೋಡಿಕೊಳ್ಳುತ್ತವೆ. ಲೇತಿನಲ್ಲಿ ಕೊರೆಯುವಾಗ ಚೂರು ಸಲೀಸಾಗಿ ಮುರಿದು ಬೀಳುವಂತೆ ಮಾಡುತ್ತವೆ. ಯಂತ್ರಕ್ಕೆ ಉಪಕಾರಿಯಾದ ಅದೇ ಗುಣ ಬಟ್ಟಲಿನಲ್ಲಿ ಅಪಕಾರಿ. ಬೇರೆಯಾಗಿ ಕೂತ ಹನಿಗಳು ಮೈಮೇಲೆ ತೆರೆದುಕೊಂಡಿರುತ್ತವೆ, ನಾನು ನಾಲ್ಕು ದಿನ ಉಜ್ಜಿ ಅವನ್ನು ಇನ್ನಷ್ಟು ಸವರಿದ್ದೆ. ಹುಳಿ ತಾಗಿದರೆ ಅವು ಬಿಡುತ್ತವೆ.

ನಮ್ಮ ಮನೆಯ ಮಗು ಉಣ್ಣುವುದು ಏನು? ಸಾರು ಅನ್ನ, ಮೊಸರನ್ನ.

ಸಂಜೆ ತಂಗಿಗೆ ಫೋನು ಮಾಡಿದೆ. ಮೊದಲು ಗಂಡನ ಹತ್ತಿರ ಹೇಳೋಣವೇ, ಬಟ್ಟಲು ಪಾಲಿಶ್ ಮಾಡಬೇಕು ಕಳಿಸು ಅಂತ ನೆವ ಹೇಳಿ ಸುಮ್ಮನೆ ತರಿಸಿಕೊಳ್ಳೋಣವೇ ಅಂತೆಲ್ಲ ಮನಸ್ಸಿಗೆ ಬಂದದ್ದು ನಿಜ. ಎರಡನೆಯದು ಬಹಳ ಹೊತ್ತು ಮನಸ್ಸಿನಲ್ಲಿ ಇತ್ತು.

"ಪುಟ್ಟಿ ಆ ಬಟ್ಟಲಲ್ಲೇ ಉಣ್ತಾಳಾ?"

"ಹೂಂ, ಬೇರೆ ಬಟ್ಟಲು ಕೊಟ್ರೆ ಎಸೀತಾಳೆ. ಯಾಕೆ ಅಣ್ಣ?"

ಹೇಳಿದೆ. ಅವಳು ತುಂಬ ಹೊತ್ತು ಮಾತಾಡಲಿಲ್ಲ. ಹಿಂದೆ ಎಲ್ಲೋ ಕುಕ್ಕರ್ ಕೂಗಿತು.

"ನೀನು ಟೆಸ್ಟ್ ಮಾಡಿದ್ದೆ ಅಂದಿದ್ದೆ."

"ಮಾಡಿದ್ದೆ. ಅದು ಸಾಕಾಗಿರಲಿಲ್ಲ."

"ಗೊತ್ತಿಲ್ದೆ ಇದ್ರೆ ಗೊತ್ತಿಲ್ಲ ಅನ್ಬೇಕಿತ್ತು ಅಣ್ಣ." ಫೋನು ಇಟ್ಟಳು.

ಮರುದಿನವೇ ರಕ್ತ ಪರೀಕ್ಷೆ ಮಾಡಿಸಿದರು. ಡೆಸಿಲೀಟರಿಗೆ 6.1 ಮೈಕ್ರೋಗ್ರಾಂ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 5 ಮುಟ್ಟಿದರೆ ಅದು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು ಅಂತ ಅದರ ಮಾರ್ಗಸೂಚಿ. ಮಗುವಿನ ಮೈ ದೊಡ್ಡವರ ಮೈಗಿಂತ ಹೆಚ್ಚು ಸೀಸ ಹೀರಿಕೊಳ್ಳುತ್ತದೆ, ಪೆಟ್ಟು ಬೀಳುವುದು ಬೆಳೆಯುತ್ತಿರುವ ಮಿದುಳಿಗೆ. ಔಷಧಿ ಬೇಕಾಗುವ ಮಟ್ಟ ಅಲ್ಲ, ಬಟ್ಟಲು ತೆಗೆದಿಡಿ, ಕಬ್ಬಿಣ ಕ್ಯಾಲ್ಸಿಯಂ ಇರುವ ಆಹಾರ ಕೊಡಿ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರಂತೆ ಡಾಕ್ಟರು. ಮೂರು ತಿಂಗಳ ಮೇಲೆ 3.8 ಬಂತು. ಹಳೆಯ ಬಣ್ಣ, ಕಲಬೆರಕೆ ಅರಿಶಿನ, ಸೀಸ ಬರುವ ದಾರಿಗಳು ಬೇರೆಯೂ ಇವೆ. ಬಟ್ಟಲಿನಿಂದಲೇ ಬಂತು ಅಂತ ಯಾರೂ ಹೇಳಲಾರರು. ಬಟ್ಟಲಿನಿಂದ ಅಲ್ಲ ಅಂತ ನಾನು ಹೇಳಲಾರೆ. ನನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿದೆ, 11.4. ಎರಡು ವರ್ಷ ಬಟ್ಟೆಯ ಮಾಸ್ಕು ಕಟ್ಟಿಕೊಂಡು ಕುಲುಮೆಯ ಮುಂದೆ ಕೂತದ್ದರ ಫಲ.

ಆ ಮೇಲೆ ನನಗೆ ನೋಟುಬುಕ್ಕು ತೆರೆಯುವ ಮನಸ್ಸಾಗಲಿಲ್ಲ. ಆದರೆ ಅಮ್ಮನ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಹಾಡುವುದಿಲ್ಲ ಅಂದಿದ್ದಳು. ಅದು ಬರೀ ಮುದುಕಿಯ ಮಾತಾಗಿತ್ತೇ?

ಅವಳ ಬಟ್ಟಲನ್ನು ಅಟ್ಟದಿಂದ ಇಳಿಸಿ ನೋಡಿದೆ. ತೆಳ್ಳಗಿದೆ, ಬಿಳಿಚು ಹೊಂಬಣ್ಣ, ತಟ್ಟಿದರೆ ದನಿ ಎಳೆದುಕೊಂಡು ಹೋಗಿ ನಿಧಾನವಾಗಿ ಸಾಯುತ್ತದೆ. ಹೊರಮೈಯಲ್ಲಿ ಓರೆ ಬೆಳಕಿಗೆ ಸುತ್ತಿಗೆಯ ಗುರುತು ಕಾಣುತ್ತದೆ. ಇದು ಎರಕವಲ್ಲ, ಬಡಿದ ಕಂಚು. ಇದರಲ್ಲಿ ಸುಮಾರು 78 ಪಾಲು ತಾಮ್ರ, 22 ಪಾಲು ತವರ ಇರುತ್ತದೆ. ಗಂಟೆ, ಜಾಗಟೆಯ ಲೋಹವೂ ಇದೇ ಬಳಗದ್ದು. ಇಷ್ಟು ತವರ ಇರುವ ಕಂಚು ತಣ್ಣಗಿರುವಾಗ ಗಾಜಿನ ಹಾಗೆ, ಬಡಿದರೆ ಒಡೆಯುತ್ತದೆ. ಸುಮಾರು ಆರುನೂರು ಡಿಗ್ರಿಯಿಂದ ಎಂಟುನೂರರ ಒಳಗಿನ ಕೆಂಪು ಹದದಲ್ಲಿ ಮಾತ್ರ ಅದು ಸುತ್ತಿಗೆಗೆ ಬಗ್ಗುತ್ತದೆ. ಆ ಹದದಿಂದಲೇ ನೀರಿಗೆ ಅದ್ದಿದರೆ ಒಡೆಯುವ ಗುಣ ತಗ್ಗುತ್ತದೆ. ಕೇರಳ, ಒಡಿಶಾ, ಬಂಗಾಳಗಳ ಕಂಚುಗಾರರಿಗೆ ಈ ಹದ ಕಣ್ಣಳತೆಯಲ್ಲೇ ಗೊತ್ತು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅವರು ದಕ್ಷಿಣ ಭಾರತದ ಇಂಥ ಕಂಚನ್ನೂ ಆರನ್ಮುಳದ ಲೋಹದ ಕನ್ನಡಿಯನ್ನೂ ದೀರ್ಘಕಾಲ ಅಭ್ಯಾಸ ಮಾಡಿದವರು.

ನನಗೆ ಮುಖ್ಯವಾದ ಸಂಗತಿ ಇಷ್ಟು. ಆ ಕೆಂಪು ಹದದಲ್ಲಿ ಸೀಸ ಕರಗಿ ನೀರಾಗಿರುತ್ತದೆ. ಅದರ ಹನಿಗಳು ಒಳಗೆ ಇದ್ದರೆ ಬಟ್ಟಲು ಸುತ್ತಿಗೆಯ ಕೆಳಗೇ ಬಿರುಕು ಬಿಡುತ್ತದೆ. ಹಾಗಾಗಿ ಬಡಿದು ಮಾಡುವ ಕಂಚುಗಾರ ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಸುತ್ತಿಗೆಯ ಗುರುತು, ತೆಳು ಮೈ, ಎಳೆದು ನಿಲ್ಲುವ ದನಿ, ಮೂರೂ ಒಟ್ಟಿಗೆ ಇದ್ದರೆ ಅದರ ಒಳಗೇನಿದೆ ಅಂತ ಬಹುಮಟ್ಟಿಗೆ ಅದೇ ಹೇಳುತ್ತದೆ. ಎರಕಕ್ಕೆ ಅಂಥ ಕಟ್ಟುಪಾಡಿಲ್ಲ. ಮೂಸೆಯಲ್ಲಿ ಏನೇ ಇದ್ದರೂ ಅಚ್ಚು ತುಂಬುತ್ತದೆ. ಸೀಸ ಇದ್ದರೆ ದನಿ ಮಂಕಾಗುತ್ತದೆ, ತವರ ಕಡಿಮೆ ಇದ್ದರೂ ಆಗುತ್ತದೆ, ಮೈ ದಪ್ಪ ಇದ್ದರೂ ಆಗುತ್ತದೆ. ಅಮ್ಮನ ಕಿವಿ ಸೀಸವನ್ನು ಹಿಡಿಯಿತು ಅಂತ ನಾನು ಹೇಳುವುದಿಲ್ಲ. ಇದು ನಾನು ಕಂಡ ಕಂಚಲ್ಲ ಅಂತ ಅವಳು ಹೇಳಿದಳು, ಅಲ್ಲಿಗೆ ನಿಲ್ಲಬೇಕಿತ್ತು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಗೆಳೆಯನೊಬ್ಬ ತನ್ನ ಪ್ರಯೋಗಶಾಲೆಯಲ್ಲಿ ಹಳೆಯ ಪಿಯುಸಿ ಪಾಠವನ್ನು ಮತ್ತೆ ಮಾಡಿ ತೋರಿಸಿದ. ಅರದ ಪುಡಿಯನ್ನು ನೈಟ್ರಿಕ್ ಆಮ್ಲದಲ್ಲಿ ಹಾಕಿದರೆ ತಾಮ್ರ ಕರಗಿ ನೀರು ಹಸಿರುನೀಲಿಯಾಗುತ್ತದೆ, ತವರ ಕರಗದೆ ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತದೆ. ಸೋಸಿದ ನೀರಿಗೆ ಸಲ್ಫ್ಯೂರಿಕ್ ಆಮ್ಲ ಬಿಟ್ಟಾಗ ಮತ್ತೊಮ್ಮೆ ಬಿಳಿ ಇಳಿದರೆ ಅದು ಸೀಸ. ನನ್ನ ಗಟ್ಟಿಯ ಪುಡಿಯಲ್ಲಿ ಎರಡನೆಯ ಬಿಳಿ ಹಾಲಿನ ಹಾಗೆ ಇಳಿಯಿತು. ಇದನ್ನು ಮನೆಯಲ್ಲಿ ಮಾಡಬೇಡಿ. ಮೊದಲ ಹಂತದಲ್ಲಿ ಏಳುವ ಕಂದು ಹೊಗೆ ವಿಷ, ಅವನು ಹೊಗೆ ಎಳೆಯುವ ಗೂಡಿನ ಒಳಗೇ ಮಾಡಿದ.

ಈಗ ನನ್ನ ಹಿತ್ತಲಿನಲ್ಲಿ ಎರಡೇ ಡಬ್ಬಿ. ಒಂದರಲ್ಲಿ ವಿದ್ಯುತ್ ತಂತಿಯಿಂದ ಸುಲಿದ ಬರಿಯ ತಾಮ್ರ, ಅದರ ಪಕ್ಕ ಪರೀಕ್ಷಾ ಪತ್ರದ ಜೊತೆ ಕೊಂಡ ತವರದ ಗಟ್ಟಿ. ಬೆಸುಗೆಯ ತವರವೂ ಇಲ್ಲ, ಕಲಾಯಿ ಅಂಗಡಿಯ ಬಿಡಿ ತವರವೂ ಇಲ್ಲ. ಎರಡರಲ್ಲೂ ಸೀಸ ಇರಬಹುದು. ಬಾಯಿಗೆ ಹೋಗುವ, ಮಗುವಿನ ಕೈಗೆ ಸಿಗುವ ಯಾವುದೇ ವಸ್ತುವಿಗೆ ಈ ಡಬ್ಬಿ ಮಾತ್ರ, ಪ್ರತಿ ಎರಕದ ಒಂದು ತುಂಡು ಲ್ಯಾಬಿಗೆ ಹೋಗಿ ಬಂದ ಮೇಲೆ ಮಾತ್ರ. ಎರಡನೆಯ ಡಬ್ಬಿಯಲ್ಲಿ ಗುಜರಿಯ ಬುಶ್ಶು, ವಾಲ್ವು, ಹೆಸರಿಲ್ಲದ್ದು. ಅದನ್ನು ನಾನು ಕರಗಿಸುವುದಿಲ್ಲ, ತುಂಬಿದಾಗ ವಾಪಸು ಮಾರುತ್ತೇನೆ. ನೋಟುಬುಕ್ಕಿನಲ್ಲಿ ಹೊಸದೊಂದು ಕಲಂ ಎಳೆದಿದ್ದೇನೆ: "ಮೊದಲು ಏನಾಗಿತ್ತು". ಅದು ತುಂಬದಿದ್ದರೆ ಮುಂದಿನ ಕಲಂ ತುಂಬುವಂತಿಲ್ಲ.

ಸಹೋದ್ಯೋಗಿಯ ಆರು ಬಟ್ಟಲು ಮಾಡಿಕೊಡಲಿಲ್ಲ. ಕಾರಣ ಹೇಳಿದೆ, ಅವರು ಬೇಸರ ಮಾಡಿಕೊಳ್ಳಲಿಲ್ಲ.

ತಂಗಿ ಬಟ್ಟಲನ್ನು ಕೊರಿಯರಿನಲ್ಲಿ ಕಳಿಸಿದಳು, ಹಳೆಯ ಪೇಪರಿನಲ್ಲಿ ಸುತ್ತಿ, ಚೀಟಿ ಗೀಟಿ ಇಲ್ಲದೆ. ನಾನು ಅದರ ತಳಕ್ಕೆ ಪಂಚಿನಿಂದ ಕುಟ್ಟಿ "ಸೀಸ 5.4" ಅಂತ ಬರೆದೆ. ನಾಳೆ ನಾನಿಲ್ಲದಾಗ ಯಾರೋ ಇದನ್ನು ತೊಳೆದು ಪಾಯಸ ಬಡಿಸಬಾರದಲ್ಲ. ಅದೀಗ ಕುಲುಮೆಯ ಮೇಲಿನ ಹಲಗೆಯಲ್ಲಿದೆ.

ಕಳೆದ ದೀಪಾವಳಿಗೆ ತಂಗಿ ಮಗಳನ್ನು ಕರೆದುಕೊಂಡು ಬಂದಳು. ಅಮ್ಮ ತನ್ನ ಬಡಿದ ಕಂಚಿನ ಬಟ್ಟಲನ್ನು ಹುಣಸೆಹಣ್ಣು ಹಾಕಿ ಬೆಳಗಿ ಪುಟ್ಟಿಗೆ ಅಂತ ಇಟ್ಟಿದ್ದಳು. ಲ್ಯಾಬಿನ ಹಾಳೆಯನ್ನೂ ನಾನು ಪಕ್ಕದಲ್ಲಿಟ್ಟೆ: ಸೀಸದ ಸಾಲಿನಲ್ಲಿ ಸೊನ್ನೆಯ ಆಚೆ ಎರಡು ಸೊನ್ನೆ. ತಂಗಿ ಹಾಳೆಯನ್ನು ಪೂರ್ತಿ ಓದಿದಳು. ಬಟ್ಟಲನ್ನು ಅಮ್ಮನ ಹಾಗೆ ಬೆರಳ ತುದಿಯಲ್ಲಿ ನಿಲ್ಲಿಸಿ ತಟ್ಟಿದಳು, ಅದು ಹಾಡಿತು. ಪುಟ್ಟಿ ನಕ್ಕು ಕೈ ಚಾಚಿದಳು. ತಂಗಿ ಅದನ್ನು ಅವಳಿಗೆ ಆಡಲು ಕೊಟ್ಟು, ಊಟಕ್ಕೆ ಬ್ಯಾಗಿನಿಂದ ಸ್ಟೀಲಿನ ಬಟ್ಟಲು ತೆಗೆದಳು.

ನಾನೇ ಅದರಲ್ಲಿ ಅನ್ನ ಕಲಸಿಕೊಟ್ಟೆ.